ಕಡುಚಳಿಯ ಶಿಬಿರಕ್ಕೆ ಕೃತಕ ನಾರಿನ ಸ್ಲೀಪಿಂಗ್ ಬ್ಯಾಗ್: ಆಯ್ಕೆ ಹೇಗೆ?

ಬೆಂಗಳೂರಿನಲ್ಲಿ ಈವರೆಗೆ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದೂ 1884ರ ಜನವರಿ 13ರಂದು. ಇತ್ತ ಉತ್ತರಾಖಂಡದ ಕೇದಾರಕಂಠದಂತಹ ಚಾರಣ ಮಾರ್ಗಗಳಲ್ಲಿ ಡಿಸೆಂಬರ್-ಜನವರಿಯ ರಾತ್ರಿಗಳು ಮೈನಸ್ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದು ಅಪರೂಪವಲ್ಲ. ಲಡಾಖ್‌ನಲ್ಲಿ ಹೆಪ್ಪುಗಟ್ಟಿದ ಝನ್‌ಸ್ಕಾರ್ ನದಿಯ ಮೇಲೆ ಸಾಗುವ ಚಾದರ್ ಚಾರಣದಲ್ಲಿ ಅದು ಮೈನಸ್ 20 ಡಿಗ್ರಿಯನ್ನೂ ದಾಟುತ್ತದೆ. ಇಂತಹ ಚಳಿಯ ಅನುಭವವೇ ಇಲ್ಲದ ರಾಜ್ಯದ ಚಾರಣಿಗರು ಸ್ಲೀಪಿಂಗ್ ಬ್ಯಾಗ್ ಕೊಳ್ಳುವಾಗ ಅದರ ಮೇಲೆ ಮುದ್ರಿತವಾದ ಅಂಕಿಯನ್ನೇ ನಂಬಬೇಕಾಗುತ್ತದೆ. ಬಹುತೇಕರು ಎಡವುವುದೂ ಆ ಅಂಕಿಯ ಬಳಿಯೇ.

ಪರ್ವತದ ಚಳಿ ಚಳಿಗಾಲಕ್ಕೆ ಮಾತ್ರ ಸೀಮಿತವಲ್ಲ. 2024ರ ಜೂನ್ ಮೊದಲ ವಾರ, ಮೈದಾನ ಪ್ರದೇಶಗಳಲ್ಲಿ ಇನ್ನೂ ಬೇಸಿಗೆಯಿರುವಾಗಲೇ, ಉತ್ತರಾಖಂಡದ ಸಹಸ್ರತಾಲ್‌ಗೆ ಕರ್ನಾಟಕದಿಂದ ತೆರಳಿದ್ದ ಚಾರಣ ತಂಡ ಮರಳುವ ಹಾದಿಯಲ್ಲಿ ಹಿಮಗಾಳಿಗೆ ಸಿಲುಕಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಬಯಲಿನಲ್ಲಿ ಎರಗುವ ಬಿರುಗಾಳಿಯನ್ನು ಯಾವುದೇ ಒಂದು ಸಲಕರಣೆ ತಡೆಯಲಾರದು. ಆದರೆ ದೇಹದ ಉಷ್ಣಾಂಶ ಕುಸಿಯುವ ಹೈಪೋಥರ್ಮಿಯಾ ಎಷ್ಟು ಬೇಗ ಮಾರಕವಾಗಬಲ್ಲದು ಎಂಬುದಕ್ಕೆ ಆ ದುರಂತ ಸಾಕ್ಷಿ. ಶಿಬಿರದ ರಾತ್ರಿಗಳಲ್ಲಿ ಅದರಿಂದ ರಕ್ಷಣೆ ನೀಡುವ ಪ್ರಮುಖ ಸಾಧನವೇ ಸ್ಲೀಪಿಂಗ್ ಬ್ಯಾಗ್.

ಕೃತಕ ನಾರು ಏಕೆ?

ಸ್ಲೀಪಿಂಗ್ ಬ್ಯಾಗ್ ತಾನಾಗಿ ಶಾಖ ಉತ್ಪಾದಿಸುವುದಿಲ್ಲ. ಒಳತುಂಬಿನ ಎಳೆಗಳ ನಡುವೆ ಸಿಲುಕಿದ ನಿಶ್ಚಲ ಗಾಳಿಯು ದೇಹದ ಶಾಖ ಹೊರಹೋಗದಂತೆ ತಡೆಯುತ್ತದೆ, ಅಷ್ಟೆ. ಆದ್ದರಿಂದ ಚೀಲ ಎಷ್ಟು ಉಬ್ಬಿರುತ್ತದೆಯೋ ಅಷ್ಟು ಬೆಚ್ಚಗಿರುತ್ತದೆ.

ಒಳತುಂಬಿನಲ್ಲಿ ಮುಖ್ಯವಾಗಿ ಎರಡು ಬಗೆ. ಬಾತುಕೋಳಿ ಮತ್ತು ಹೆಬ್ಬಾತುಗಳ ನವಿರಾದ ಪುಕ್ಕ ಒಂದು; ಮಾರುಕಟ್ಟೆಯಲ್ಲಿ ಇದಕ್ಕೆ ‘ಡೌನ್’ ಎಂದು ಹೆಸರು. ಪಾಲಿಯೆಸ್ಟರ್‌ನಿಂದ ತಯಾರಾದ ಕೃತಕ ನಾರು ಇನ್ನೊಂದು. ತೂಕಕ್ಕೆ ತಕ್ಕ ಬಿಸುಪಿನಲ್ಲಿ ಡೌನ್‌ಗೆ ಸರಿಸಾಟಿಯಿಲ್ಲ. ಆದರೆ ಅದು ನೆನೆದರೆ ಮುದ್ದೆಗಟ್ಟಿ ಉಬ್ಬು ಕಳೆದುಕೊಳ್ಳುತ್ತದೆ ಮತ್ತು ಶಿಬಿರದಲ್ಲಿ ಅದನ್ನು ಒಣಗಿಸುವುದು ಬಹಳ ಕಷ್ಟ. ಪಾಲಿಯೆಸ್ಟರ್ ನಾರು ತೇವವನ್ನು ಬಹುತೇಕ ಹೀರುವುದೇ ಇಲ್ಲ. ಒದ್ದೆಯಾದರೂ ಸಾಕಷ್ಟು ಉಬ್ಬು ಉಳಿಸಿಕೊಂಡು ಬೇಗ ಒಣಗುತ್ತದೆ. 1980ರ ದಶಕದಲ್ಲಿ ಅಮೆರಿಕದ ಆಲ್ಬನಿ ಇಂಟರ್‌ನ್ಯಾಷನಲ್ ಸಂಸ್ಥೆಯು ಅಲ್ಲಿನ ಸೇನೆಗಾಗಿ, ನೀರಿಗೆ ಜಗ್ಗದ ಬದಲಿ ಒಳತುಂಬಾಗಿ ಪ್ರೈಮಾಲಾಫ್ಟ್ ಎಂಬ ನಾರನ್ನು ರೂಪಿಸಿದ್ದೂ ಇದೇ ಕಾರಣಕ್ಕೆ.

ಮಳೆ ಇಲ್ಲದಿದ್ದರೂ ತೇವ ತಪ್ಪಿದ್ದಲ್ಲ ಎಂಬುದು ಇಲ್ಲಿ ಗಮನಾರ್ಹ. ನಿದ್ರಿಸುವವರ ಮೈಯಿಂದ ರಾತ್ರಿಯಿಡೀ ಹೊಮ್ಮುವ ನೀರಾವಿ ಚೀಲದ ಹೊರಪದರದ ಬಳಿ ತಣಿದು ಹನಿಯಾಗುತ್ತದೆ, ಕಡುಚಳಿಯಲ್ಲಿ ಮಂಜುಗಡ್ಡೆಯೇ ಆಗುತ್ತದೆ. ಬಿಸಿಲಿಗೆ ಹರವಲು ಅವಕಾಶವಿಲ್ಲದ ಐದಾರು ದಿನಗಳ ಚಾರಣದಲ್ಲಿ ಈ ತೇವ ಕೂಡುತ್ತಲೇ ಹೋಗುತ್ತದೆ. ಅಂತಹ ಕಡೆ ಕೃತಕ ನಾರಿನ ಚೀಲ ಹೆಚ್ಚು ಭರವಸೆಯದು. ಬೆಲೆಯೂ ಡೌನ್‌ಗಿಂತ ಕಡಿಮೆ.

ಇದಕ್ಕೆ ತೆರಬೇಕಾದ ಬೆಲೆಯೆಂದರೆ ತೂಕ ಮತ್ತು ಗಾತ್ರ. ಮೈನಸ್ 10 ಡಿಗ್ರಿಗೆ ನಿಜಕ್ಕೂ ಒಗ್ಗುವ ಕೃತಕ ನಾರಿನ ಚೀಲ ಸಾಮಾನ್ಯವಾಗಿ 2 ಕೆ.ಜಿ. ಮೀರುತ್ತದೆ. ಒಂದು ಕೆ.ಜಿ. ತೂಗುವ ಅಗ್ಗದ ಚೀಲಕ್ಕೆ ‘ಮೈನಸ್ 10’ ಎಂಬ ಚೀಟಿ ಅಂಟಿಸಿದ್ದರೆ ಅನುಮಾನಿಸುವುದು ಲೇಸು.

ಚೀಟಿಯ ಮೇಲಿನ ಮೂರು ಅಂಕಿಗಳು

ಸ್ಲೀಪಿಂಗ್ ಬ್ಯಾಗ್‌ಗಳ ಉಷ್ಣಾಂಶ ಪರೀಕ್ಷೆಗೆ ಯುರೋಪಿನಲ್ಲಿ ಇಎನ್ 13537 ಎಂಬ ಮಾನದಂಡ ರೂಪುಗೊಂಡಿತು. ಈಗ ಅದರ ಸ್ಥಾನದಲ್ಲಿ ಐಎಸ್‌ಒ 23537 ಇದೆ. ಬಿಸಿಯಾಗಿಸಿದ ಮಾನವಾಕೃತಿಯನ್ನು ಚೀಲದೊಳಗೆ ಮಲಗಿಸಿ, ತಣ್ಣನೆಯ ಕೋಣೆಯಲ್ಲಿ ಅಳೆದು ಅಂಕಿಗಳನ್ನು ನಿರ್ಧರಿಸಲಾಗುತ್ತದೆ. ಅವುಗಳಲ್ಲಿ ಮುಖ್ಯವಾದವು ಮೂರು:

* ಕಂಫರ್ಟ್: ಸಾಮಾನ್ಯ ಮೈಕಟ್ಟಿನ ಮಹಿಳೆ ಕೈಕಾಲು ಸಡಿಲಬಿಟ್ಟು ಚಳಿಯೆನಿಸದೆ ನಿದ್ರಿಸಬಹುದಾದ ಉಷ್ಣಾಂಶ.

* ಲಿಮಿಟ್: ಸಾಮಾನ್ಯ ಮೈಕಟ್ಟಿನ ಪುರುಷ ಮುದುಡಿ ಮಲಗಿ, ನಡುಕವಿಲ್ಲದೆ ರಾತ್ರಿ ಕಳೆಯಬಹುದಾದ ಉಷ್ಣಾಂಶ.

* ಎಕ್ಸ್‌ಟ್ರೀಮ್: ಜೀವ ಉಳಿಸಿಕೊಳ್ಳುವ ಅಂಚು. ಇಲ್ಲಿ ನಿದ್ದೆಯ ಮಾತಿಲ್ಲ. ಆರು ಗಂಟೆಗಳ ಕಾಲ ಬದುಕುಳಿಯುವ ಲೆಕ್ಕವಷ್ಟೆ. ಹಿಮಕಡಿತದ ಅಪಾಯವೂ ಇದೆ.

ಜಾಹೀರಾತುಗಳಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಹಲವು ಬಾರಿ ಮೂರನೆಯ ಅಂಕಿಯೇ. ಉದಾಹರಣೆಗೆ ಎಕ್ಸ್‌ಟ್ರೀಮ್ ಮೈನಸ್ 20 ಎಂದಿರುವ ಚೀಲದ ಕಂಫರ್ಟ್ ಅಂಕಿ ಶೂನ್ಯದ ಹತ್ತಿರ ಇರಬಹುದು. ಮೈನಸ್ 20ರ ಚೀಲವೆಂದು ಅದನ್ನು ಕೊಂಡವರು ಮೈನಸ್ 10ರಲ್ಲೇ ನಡುಗುತ್ತಾರೆ. ಆದ್ದರಿಂದ ಪುರುಷರಾಗಲಿ, ಮಹಿಳೆಯರಾಗಲಿ, ಕಂಫರ್ಟ್ ಅಂಕಿಯನ್ನೇ ಆಧಾರವಾಗಿಟ್ಟುಕೊಳ್ಳಬೇಕು. ಮಾನದಂಡದ ಉಲ್ಲೇಖವೇ ಇಲ್ಲದೆ ಒಂದೇ ಒಂದು ಅಂಕಿ ನೀಡಿರುವ ಚೀಲವನ್ನು ಹಿಮದ ಶಿಬಿರಕ್ಕೆ ಒಯ್ಯದಿರುವುದು ಕ್ಷೇಮ.

ಎಷ್ಟು ಡಿಗ್ರಿಯ ಚೀಲ ಬೇಕು?

ಪ್ರತಿ 1,000 ಮೀಟರ್ ಎತ್ತರಕ್ಕೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಕೇದಾರಕಂಠ ಚಾರಣದ ಆರಂಭದ ಹಳ್ಳಿಯಾದ ಸಾಂಕ್ರಿ ಸುಮಾರು 1,950 ಮೀಟರ್ ಎತ್ತರದಲ್ಲಿದೆ. ಅಲ್ಲಿ ರಾತ್ರಿ ಶೂನ್ಯ ಡಿಗ್ರಿಯಿದ್ದರೆ 3,400 ಮೀಟರ್ ಎತ್ತರದ ಶಿಬಿರದಲ್ಲಿ ಮೈನಸ್ 9ರಷ್ಟಿರುತ್ತದೆ ಎಂದು ಅಂದಾಜಿಸಬಹುದು. ದಣಿವು, ಅರೆಹೊಟ್ಟೆ, ಎತ್ತರದ ತೊಂದರೆ ಇವೆಲ್ಲ ದೇಹದ ಶಾಖೋತ್ಪಾದನೆಯನ್ನು ಕುಗ್ಗಿಸುತ್ತವೆ. ಹೀಗಾಗಿ ನಿರೀಕ್ಷಿತ ಕನಿಷ್ಠಕ್ಕಿಂತ ಇನ್ನೂ 5 ಡಿಗ್ರಿ ಕೆಳಗಿನ ಕಂಫರ್ಟ್ ಅಂಕಿಯ ಚೀಲ ಆರಿಸುವುದು ಜಾಣತನ.

ಮೈನಸ್ 20ಕ್ಕಿಂತ ಕೆಳಗಿನ ಚಳಿಗೆ ಕೃತಕ ನಾರಿನ ಒಂದೇ ಚೀಲ ಒಯ್ಯುವುದು ಕಷ್ಟ. ಅದು ಬೆನ್ನುಚೀಲದ ಬಹುಪಾಲು ಜಾಗವನ್ನೇ ನುಂಗುತ್ತದೆ. ಇಂತಲ್ಲಿ ಒಂದರೊಳಗೊಂದು ಎರಡು ಚೀಲ ಬಳಸುವ ಕ್ರಮವಿದೆ. ಒಳಗೆ ಡೌನ್, ಹೊರಗೆ ಕೃತಕ ನಾರಿನ ತುಸು ದೊಡ್ಡ ಚೀಲವಿದ್ದರೆ, ಮೈಯ ನೀರಾವಿ ಹೊರಚೀಲದಲ್ಲಿ ಹನಿಗಟ್ಟಿ ಒಳಗಿನ ಪುಕ್ಕ ಒಣಗಿಯೇ ಉಳಿಯುತ್ತದೆ. ಹೊರಚೀಲ ಒಳಗಿನದನ್ನು ಅದುಮುವಷ್ಟು ಬಿಗಿಯಾಗಿರಬಾರದು.

ಹೊಲಿಗೆ ಮತ್ತು ಆಕಾರ

ಹೊರಬಟ್ಟೆ, ಒಳಬಟ್ಟೆಗಳೆರಡನ್ನೂ ಒಟ್ಟಾಗಿ ತೂರಿದ ಹೊಲಿಗೆಯಿದ್ದರೆ ಆ ಸಾಲಿನುದ್ದಕ್ಕೂ ಒಳತುಂಬು ಇಲ್ಲದೆ ಚಳಿ ನುಸುಳುತ್ತದೆ. ಎರಡು ಪದರಗಳ ಒಳತುಂಬಿದ್ದು, ಒಂದರ ಹೊಲಿಗೆಯನ್ನು ಇನ್ನೊಂದು ಮುಚ್ಚುವಂತಹ ರಚನೆಯೇ ಕಡುಚಳಿಗೆ ತಕ್ಕದ್ದು. ತಲೆಯ ಕಡೆ ಅಗಲವಾಗಿ ಪಾದದ ಕಡೆ ಕಿರಿದಾಗುವ ‘ಮಮ್ಮಿ’ ಆಕಾರ, ಮುಖವಷ್ಟೇ ಕಾಣುವಂತೆ ಬಿಗಿಯಬಹುದಾದ ಟೋಪಿ, ಕುತ್ತಿಗೆಯ ಸುತ್ತ ದಪ್ಪನೆಯ ಪಟ್ಟಿ, ಜಿಪ್‌ನ ಉದ್ದಕ್ಕೂ ಒಳಗಿನಿಂದ ಮುಚ್ಚುವ ಮೆತ್ತೆ ಇವು ನಾಲ್ಕೂ ಇರಲೇಬೇಕು. ಚೀಲ ತೀರಾ ಉದ್ದವಾದರೆ ಖಾಲಿ ಜಾಗವನ್ನು ಮೈ ಬಿಸಿಮಾಡಬೇಕಾಗುತ್ತದೆ. ಗಿಡ್ಡವಾದರೆ ಪಾದ ತಗುಲಿ ಒಳತುಂಬು ಅದುಮಿ ಹೋಗುತ್ತದೆ.

ನೆಲದ ಚಳಿ ಮರೆಯಬಾರದು

ಎಷ್ಟೇ ಉತ್ತಮ ಚೀಲವಾದರೂ ಮೈಭಾರಕ್ಕೆ ಅದರ ತಳಭಾಗ ಅದುಮಿ, ನೆಲದ ಚಳಿ ನೇರವಾಗಿ ಬೆನ್ನಿಗೆ ತಾಗುತ್ತದೆ. ಅದನ್ನು ತಡೆಯುವುದು ಅಡಿಯ ಮ್ಯಾಟ್. ಮ್ಯಾಟ್‌ನ ತಡೆಶಕ್ತಿಯನ್ನು ಆರ್-ವ್ಯಾಲ್ಯೂ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಹಿಮದ ಮೇಲೆ ಮಲಗಲು ಅದು 5 ಅಥವಾ ಹೆಚ್ಚು ಇರುವುದು ಒಳಿತು. ಒಂದರ ಮೇಲೊಂದು ಎರಡು ಮ್ಯಾಟ್ ಹಾಸಿದರೆ ಅವುಗಳ ಅಂಕಿಗಳು ಕೂಡುತ್ತವೆ: 2ರ ಫೋಮ್ ಮ್ಯಾಟ್ ಮೇಲೆ 3ರ ಗಾಳಿಮ್ಯಾಟ್ ಹಾಸಿದರೆ 5. ಗಾಳಿಮ್ಯಾಟ್ ತೂತಾದರೂ ಫೋಮ್ ಉಳಿದಿರುತ್ತದೆ ಎಂಬುದು ಹೆಚ್ಚಿನ ಲಾಭ.

ಬಾಡಿಗೆ ಚೀಲದ ಪರೀಕ್ಷೆ

ಕೃತಕ ನಾರಿನ ದೊಡ್ಡ ದೌರ್ಬಲ್ಯವೆಂದರೆ ಪದೇ ಪದೇ ಅದುಮಿ ಕಟ್ಟಿದಷ್ಟೂ ಎಳೆಗಳು ಮುರಿದು ಉಬ್ಬು ಶಾಶ್ವತವಾಗಿ ತಗ್ಗುವುದು. ಋತುವಿಡೀ ಬಳಕೆಯಾದ ಬಾಡಿಗೆ ಚೀಲ ಚೀಟಿಯಲ್ಲಿರುವಷ್ಟು ಬೆಚ್ಚಗಿರಲಾರದು. ಪಡೆದ ಕೂಡಲೇ ಬಿಚ್ಚಿ ಅರ್ಧ ಗಂಟೆ ಹರವಿಡಬೇಕು. ಬಳಿಕವೂ ಚಪ್ಪಟೆಯಾಗಿದ್ದರೆ ಅಥವಾ ಬೆಳಕಿಗೆ ಹಿಡಿದಾಗ ಒಳತುಂಬಿಲ್ಲದ ಜಾಗಗಳು ಕಂಡರೆ ಬೇರೆಯದನ್ನು ಕೇಳಬೇಕು. ಇದನ್ನು ಮಾಡಬೇಕಾದದ್ದು ಬೆಟ್ಟ ಹತ್ತುವ ಮೊದಲು, ಮೊದಲ ರಾತ್ರಿಯ ನಂತರವಲ್ಲ.

ಬಳಕೆ, ಆರೈಕೆ

* ಮಲಗುವ ಮುನ್ನ ಬಿಸಿ ಊಟ ಮಾಡಿ, ಒಣ ಕಾಲುಚೀಲ ಮತ್ತು ಒಣ ಒಳಉಡುಪು ಧರಿಸಬೇಕು.

* ಬಿಗಿ ಮುಚ್ಚಳದ ಬಾಟಲಿಯಲ್ಲಿ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಪಾದದ ಬಳಿ ಇಟ್ಟುಕೊಳ್ಳಬಹುದು.

* ಮುಖವನ್ನು ಚೀಲದೊಳಗೆ ಹುದುಗಿಸಿ ಉಸಿರಾಡಬಾರದು. ಉಸಿರಿನ ತೇವ ಒಳತುಂಬಿಗೆ ಸೇರುತ್ತದೆ.

* ಬೆಚ್ಚಗಾಗಲೆಂದು ಡೇರೆಯೊಳಗೆ ಸ್ಟವ್ ಅಥವಾ ಕೆಂಡ ಇಟ್ಟು ಮಲಗಬಾರದು. ಕಾರ್ಬನ್ ಮೊನಾಕ್ಸೈಡ್ ಅನಿಲ ಪ್ರಾಣಾಂತಕ.

* ಮನೆಯಲ್ಲಿ ಚೀಲವನ್ನು ಸುರುಳಿ ಸುತ್ತಿ ಬಿಗಿಯದೆ, ನೇತುಹಾಕಿ ಅಥವಾ ದೊಡ್ಡ ಬಟ್ಟೆಯ ಗಂಟಿನಲ್ಲಿ ಸಡಿಲವಾಗಿ ಇಡಬೇಕು.

* ಒಗೆಯಲು ಮೃದು ಸೋಪು ಸಾಕು; ಇಸ್ತ್ರಿ ಸಲ್ಲದು.

ರಾತ್ರಿ ನಡುಕ ನಿಲ್ಲದಿದ್ದರೆ, ಮಾತು ತೊದಲಿದರೆ ಅಥವಾ ನಡುಕ ತಾನಾಗಿ ನಿಂತು ಮಂಪರು ಕವಿದರೆ ಅದು ಚೀಲದ ಕೊರತೆಯನ್ನು ಮೀರಿದ ಅಪಾಯದ ಸೂಚನೆ. ಮುಜುಗರಪಡದೆ ಕೂಡಲೇ ಜೊತೆಗಾರರನ್ನೂ ಮಾರ್ಗದರ್ಶಕರನ್ನೂ ಎಚ್ಚರಿಸಬೇಕು.