ಬ್ಯಾರಿಕೇಡ್, ಬೂಮ್, ಬೊಲಾರ್ಡ್: ಯಾವುದು ಗಾಡಿ ನಿಲ್ಲಿಸುತ್ತೆ, ಯಾವುದು ನಿಲ್ಲಿಸಲ್ಲ?

ಜಾತ್ರೆ ಬಂತು ಅಂದ್ರೆ ತೇರುಬೀದಿಯ ಎರಡೂ ತುದಿಗೆ ಪೊಲೀಸ್ ಬ್ಯಾರಿಕೇಡ್ ಬಂದು ನಿಲ್ಲುತ್ತವೆ. ಮಂತ್ರಿ ಬರ್ತಾರೆ ಅಂದ್ರೂ ಅದೇ, ಗಣೇಶನ ಮೆರವಣಿಗೆ ಅಂದ್ರೂ ಅದೇ. ಕೆಳಗೆ ಚಿಕ್ಕ ಚಕ್ರ, ಮೇಲೆ ಯಾವುದೋ ಚಿನ್ನದಂಗಡಿಯ ಜಾಹೀರಾತು. ಒಬ್ಬ ಹೋಂಗಾರ್ಡ್ ಒಂದೇ ಕೈಯಲ್ಲಿ ಅದನ್ನು ಪಕ್ಕಕ್ಕೆ ಸರಿಸ್ತಾನೆ. ಕೈಯಲ್ಲಿ ತಳ್ಳಿದ್ರೆ ಸರಿಯೋ ವಸ್ತು, ಬ್ರೇಕ್ ಫೇಲಾದ ಲಾರಿ ಬಂದ್ರೆ ತಡೆಯುತ್ತಾ? ತಡೆಯಲ್ಲ. ಅದನ್ನ ಮಾಡಿರೋದೂ ಅದಕ್ಕಲ್ಲ.

ರಸ್ತೆಗೆ ಅಡ್ಡ ಇಡುವ ಸಾಧನಗಳಲ್ಲಿ ಎರಡು ಜಾತಿ. ಒಂದು, 'ನಿಲ್ಲು' ಅಂತ ಹೇಳುವಂಥದ್ದು. ಇನ್ನೊಂದು, ಹೇಳಿದ ಮಾತು ಕೇಳದವನನ್ನೂ ನಿಲ್ಲಿಸುವಂಥದ್ದು. ಬ್ಯಾರಿಕೇಡ್, ಹಗ್ಗ, ಡ್ರಮ್, ಟೋಲ್‌ನ ಬೂಮ್ ಎಲ್ಲವೂ ಮೊದಲನೇ ಜಾತಿ. ತೊಂದರೆ ಏನಂದ್ರೆ, ಜನ ಮೊದಲನೆಯದ್ದರ ಹಿಂದೆ ನಿಂತ್ಕೊಂಡು ಎರಡನೆಯದ್ದರ ಹಿಂದೆ ಇದ್ದೀವಿ ಅಂದ್ಕೋತಾರೆ.

ತೂಕಕ್ಕಿಂತ ವೇಗ ದೊಡ್ಡದು

ಗಾಡಿಯ ತೂಕ ಎರಡು ಪಟ್ಟಾದರೆ ಢಿಕ್ಕಿಯ ಶಕ್ತಿ ಎರಡು ಪಟ್ಟಾಗುತ್ತೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಇದು ಹೈಸ್ಕೂಲ್ ವಿಜ್ಞಾನ ಪುಸ್ತಕದ್ದೇ ಲೆಕ್ಕ. 40 ಕಿ.ಮೀ. ವೇಗದಲ್ಲಿ ಬರುವ ಗಾಡಿಯನ್ನು ಒಂದೇ ಸಲ ನಿಲ್ಲಿಸೋದು ಅಂದ್ರೆ, ಅದೇ ಗಾಡಿಯನ್ನು ಸುಮಾರು 6 ಮೀಟರ್ ಎತ್ತರದಿಂದ, ಅಂದರೆ ಎರಡಂತಸ್ತಿನ ಮನೆ ಮೇಲಿಂದ ಬಿಟ್ಟಾಗ ಕೆಳಗೆ ಹಿಡಿದಂಗೆ. 80 ಕಿ.ಮೀ. ಆದ್ರೆ ಅದು 25 ಮೀಟರ್, ಎಂಟಂತಸ್ತು. ಆದ್ದರಿಂದ ಈ ಕೆಲಸ ಬಲ್ಲವರು ಮೊದಲು ಗಾಡಿಯನ್ನು ನಿಲ್ಲಿಸೋಕೆ ಹೋಗಲ್ಲ. ಮೊದಲು ಅದರ ಓಟ ಕಟ್ ಮಾಡ್ತಾರೆ.

ಈ ಬುದ್ಧಿ ಹೊಸದೇನಲ್ಲ. ಚಿತ್ರದುರ್ಗದ ಕೋಟೆ ನೋಡಿದವರಿಗೆ ಗೊತ್ತು, ಒಂದು ಬಾಗಿಲು ದಾಟಿದರೆ ನೇರ ಎದುರಿಗೆ ಇನ್ನೊಂದು ಬಾಗಿಲು ಸಿಗಲ್ಲ. ದಾರಿ ಹಾವಿನ ಹಾಗೆ ತಿರುಗುತ್ತೆ. ಆನೆಯಾಗಲಿ, ಮರದ ದಿಮ್ಮಿ ಹೊತ್ತ ಸೈನಿಕರಾಗಲಿ ದೂರದಿಂದ ಓಡಿ ಬಂದು ಬಾಗಿಲಿಗೆ ಗುದ್ದೋಕೆ ಜಾಗವೇ ಇಲ್ಲ. ಈಗ ಚೆಕ್‌ಪೋಸ್ಟ್‌ಗಳಲ್ಲಿ ಬ್ಯಾರಿಕೇಡ್‌ಗಳನ್ನ ಒಂದು ಎಡಕ್ಕೆ, ಒಂದು ಬಲಕ್ಕೆ ಇಟ್ಟು ಗಾಡಿಯನ್ನ ಅಂಕುಡೊಂಕಾಗಿ ಬಿಡ್ತಾರಲ್ಲ, ಅದೂ ಇದೇ. ಇಂಗ್ಲಿಷ್‌ನಲ್ಲಿ ಚಿಕೇನ್ ಅಂತಾರೆ. ಒಂದು ಬ್ಯಾರಿಕೇಡ್‌ಗೆ ತಡೆಯೋ ಶಕ್ತಿ ಇಲ್ಲದಿದ್ರೂ, ಸರಿಯಾಗಿ ಇಟ್ಟ ಮೂರು ಬ್ಯಾರಿಕೇಡ್ ಚಾಲಕನನ್ನು ಎರಡನೇ ಗೇರ್‌ಗೆ ಇಳಿಸುತ್ತವೆ. ಖರ್ಚಿಲ್ಲದ ಉಪಾಯ. ಆದ್ರೂ ನಮ್ಮ ಎಷ್ಟೋ ಕಡೆ ಎಲ್ಲವನ್ನೂ ಒಂದೇ ಸಾಲಲ್ಲಿ ನಿಲ್ಲಿಸಿ ಕೈತೊಳೆದುಕೊಳ್ತಾರೆ.

ಇನ್ನು ಹಂಪಿ. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ವಿಜಯನಗರಕ್ಕೆ ಬಂದಾಗ ಕೋಟೆಯ ಹೊರಗೆ ಕಂಡದ್ದನ್ನು ಬರೆದಿಟ್ಟಿದ್ದಾನೆ: ಆಳೆತ್ತರದ ಕಲ್ಲುಗಳು, ಅರ್ಧ ನೆಲದೊಳಗೆ, ಅರ್ಧ ಮೇಲೆ, ಒಂದರ ಪಕ್ಕ ಒಂದು. ಕುದುರೆ ಸವಾರನಾಗಲಿ, ಕಾಲಾಳಾಗಲಿ ಸಲೀಸಾಗಿ ಕೋಟೆ ಹತ್ತಿರ ಹೋಗೋಕಾಗದಂತೆ ನೆಟ್ಟಿದ್ದರಂತೆ. ಇವತ್ತು ವಿಮಾನ ನಿಲ್ದಾಣ, ರಾಯಭಾರ ಕಚೇರಿಗಳ ಮುಂದೆ ನೆಡುವ ಬೊಲಾರ್ಡ್ ಕಂಬಕ್ಕೂ ಇದಕ್ಕೂ ವಿಚಾರದಲ್ಲಿ ವ್ಯತ್ಯಾಸವಿಲ್ಲ. ಕಂಬದ ಬಲ ಮೇಲೆ ಕಾಣೋದರಲ್ಲಿ ಇಲ್ಲ, ನೆಲದೊಳಗೆ ಹೋಗಿರೋದರಲ್ಲಿ ಇದೆ.

ನೆಗ್ಗಿಲು ಮುಳ್ಳಿನಿಂದ ಟೈರ್ ಕಿಲ್ಲರ್‌ಗೆ

ಹೊಲದ ಬದುವಿನಲ್ಲಿ ಬರಿಗಾಲಲ್ಲಿ ನಡೆದವರಿಗೆ ನೆಗ್ಗಿಲು ಮುಳ್ಳು ಪರಿಚಯ. ಹೇಗೆ ಬಿದ್ರೂ ಒಂದು ಮುಳ್ಳು ಮೇಲಕ್ಕೇ ಇರುತ್ತೆ. ಪ್ರಾಚೀನ ರೋಮನ್ನರು ಇದೇ ಆಕಾರದ ಕಬ್ಬಿಣದ ಮುಳ್ಳು ಮಾಡಿ ಶತ್ರುವಿನ ಕುದುರೆ ಬರುವ ದಾರಿಗೆ ಚೆಲ್ಲುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ಟ್ರಿಬ್ಯುಲಸ್. ನೆಗ್ಗಿಲು ಗಿಡದ ವೈಜ್ಞಾನಿಕ ಹೆಸರು ಇವತ್ತಿಗೂ ಟ್ರಿಬ್ಯುಲಸ್ ಟೆರೆಸ್ಟ್ರಿಸ್.

ಪೊಲೀಸರು ಓಡಿಹೋಗುವ ಕಾರಿನ ಮುಂದೆ ಎಸೆಯುವ ಮುಳ್ಳುಪಟ್ಟಿ ಇದರ ಮೊಮ್ಮಗ. ಅದರಲ್ಲಿ ಒಂದು ಜಾಣತನ ಇದೆ. ಒಳ್ಳೆ ಪಟ್ಟಿಯ ಮುಳ್ಳು ಗಟ್ಟಿ ಮೊಳೆ ಅಲ್ಲ, ಒಳಗೆ ಟೊಳ್ಳು. ಟೈರಿಗೆ ಚುಚ್ಚಿಕೊಂಡು ಅಲ್ಲೇ ಉಳಿದು, ನಳಿಗೆಯ ಮೂಲಕ ಗಾಳಿಯನ್ನು ನಿಧಾನಕ್ಕೆ ಬಿಡುತ್ತೆ. ಗಟ್ಟಿ ಮೊಳೆಯಿಂದ ಟೈರ್ ಒಮ್ಮೆಲೇ ಸಿಡಿದ್ರೆ ಗಾಡಿ ಪಲ್ಟಿಯಾಗಿ ಪಕ್ಕದಲ್ಲಿದ್ದವರ ಮೇಲೆ ಬೀಳಬಹುದು ಅನ್ನೋ ಕಾರಣಕ್ಕೆ ಈ ವ್ಯವಸ್ಥೆ. ಆದರೂ ಟೈರ್ ಪಂಕ್ಚರ್ ಆದ ಲಾರಿ ಅಲ್ಲೇ ನಿಲ್ಲಲ್ಲ, ರಿಮ್ ಮೇಲೆ ಇನ್ನಷ್ಟು ದೂರ ಹೋಗುತ್ತೆ.

ರಾಂಗ್ ಸೈಡ್ ತಡೆಯೋಕೆ ನೆಲಕ್ಕೆ ಹೂಳುವ ಟೈರ್ ಕಿಲ್ಲರ್‌ನದ್ದು ಬೇರೆ ಕಥೆ. ಸರಿದಿಕ್ಕಿನಿಂದ ಬಂದ್ರೆ ಸ್ಪ್ರಿಂಗ್ ಒತ್ತಿ ಹಲ್ಲು ಕೆಳಗಿಳಿಯುತ್ತೆ, ಉಲ್ಟಾ ಬಂದ್ರೆ ಟೈರ್ ಹರಿಯುತ್ತೆ. ಪಾರ್ಕಿಂಗ್ ಜಾಗದ ಎಕ್ಸಿಟ್‌ಗೆ ಸರಿ. ಬೈಕ್, ಸೈಕಲ್ ಓಡಾಡುವ ಪೇಟೆ ರಸ್ತೆಗೆ ತಂದರೆ ಮೊದಲು ಬೀಳೋರು ದ್ವಿಚಕ್ರದವರು. ಸ್ಪ್ರಿಂಗ್‌ಗೆ ಮಣ್ಣು ತುಂಬಿದರಂತೂ ಸರಿದಿಕ್ಕಿನವರಿಗೂ ಅದೇ ಗತಿ. ಆಂಬುಲೆನ್ಸ್‌ ಯಾವುದು ಅನ್ನೋದು ಅದಕ್ಕೆ ಗೊತ್ತಾಗಲ್ಲ.

ಮೊಳೆ ನೆಟ್ಟ ರಸ್ತೆಯನ್ನು ದೇಶವೆಲ್ಲ ನೋಡಿದ್ದು 2021ರ ಫೆಬ್ರವರಿಯಲ್ಲಿ, ದೆಹಲಿ ಗಡಿಯಲ್ಲಿ. ರೈತರ ಟ್ರ್ಯಾಕ್ಟರ್ ತಡೆಯೋಕೆ ಕಾಂಕ್ರೀಟ್ ಗೋಡೆ, ಮುಳ್ಳುತಂತಿ, ಅದರ ಜತೆ ರಸ್ತೆಗೆ ಮೊಳೆ. ಗಾಜಿಪುರದಲ್ಲಿ ರೈತರು ಆ ಮೊಳೆಗಳ ಹತ್ತಿರವೇ ಹೂವಿನ ಗಿಡ ನೆಟ್ಟಿದ್ದರು. ಯಾರನ್ನ ತಡೆಯೋಕೆ ಯಾವ ಸಾಧನ ಅನ್ನೋ ಪ್ರಶ್ನೆ ಎಂಜಿನಿಯರ್‌ಗಷ್ಟೇ ಸೇರಿದ್ದಲ್ಲ.

ಬೂಮ್ ಮುರಿಯೋದೇ ಅದರ ಧರ್ಮ

ಟೋಲ್ ಗೇಟಿನ ಅಡ್ಡಗೋಲು ಹಗುರ ಲೋಹದ್ದು. ಗಾಡಿ ಗುದ್ದಿದ್ರೆ ಗೋಲು ಕಳಚಿಕೊಳ್ಳಬೇಕು, ಗಾಜು ಒಡೆದು ಒಳಗಿದ್ದವರಿಗೆ ಚುಚ್ಚಬಾರದು ಅಂತಲೇ ಹಾಗೆ ಮಾಡಿರ್ತಾರೆ. ಅಪಾರ್ಟ್‌ಮೆಂಟ್, ಎಪಿಎಂಸಿ ಗೇಟುಗಳಲ್ಲಿ ಇರೋದೂ ಅಂಥದ್ದೇ. ಅದು ಲೆಕ್ಕ ಇಡೋಕೆ, ಕಾವಲಿಗಲ್ಲ.

ರೈಲ್ವೆ ಗೇಟೂ ಲಾರಿಯನ್ನ ತಡೆದು ನಿಲ್ಲಿಸೋ ಗೋಡೆಯೇನಲ್ಲ. ಅಲ್ಲಿ ಜೀವ ಉಳಿಸೋದು ಇಂಟರ್‌ಲಾಕಿಂಗ್. ಇಂಟರ್‌ಲಾಕ್ ಆದ ಗೇಟು ಪೂರ್ತಿ ಮುಚ್ಚಿ ಬೀಗ ಬೀಳದೆ ರೈಲಿಗೆ ಸಿಗ್ನಲ್ ಬಿಡೋಕಾಗಲ್ಲ. ಗೇಟಿನ ಕೆಳಗೆ ಬೈಕ್ ಬಗ್ಗಿಸಿ ನುಗ್ಗೋರು ಇದನ್ನ ತಿಳ್ಕೋಬೇಕು: ಗೇಟ್ ಬಿದ್ದಿದೆ ಅಂದ್ರೆ ರೈಲಿಗೆ ದಾರಿ ಕೊಡೋ ಕೆಲಸ ಶುರುವಾಗಿದೆ ಅಂತ ಅರ್ಥ. ಗೇಟ್ ಮುರಿದರೆ 1989ರ ರೈಲ್ವೆ ಕಾಯ್ದೆಯ 160ನೇ ಕಲಂ ಪ್ರಕಾರ 5 ವರ್ಷದವರೆಗೆ ಜೈಲು.

ಹಂಪ್‌ಗೂ ಒಂದು ಅಳತೆ ಇದೆ

ಓಟ ಕಟ್ ಮಾಡುವ ಸಾಧನಗಳಲ್ಲಿ ಹೆಚ್ಚು ಬೈಗುಳ ತಿನ್ನೋದು ಹಂಪ್. 1953ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಿಶ್ವವಿದ್ಯಾಲಯವೊಂದರ ಆವರಣಕ್ಕೆ ಇಂಥ ಉಬ್ಬುಗಳನ್ನ ವಿನ್ಯಾಸ ಮಾಡಿದವರು ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಆರ್ಥರ್ ಕಾಂಪ್ಟನ್. ಮುಂದೆ 1973ರಲ್ಲಿ ಬ್ರಿಟನ್ನಿನ ಸರ್ಕಾರಿ ರಸ್ತೆ ಪ್ರಯೋಗಾಲಯದ ವಾಟ್ಸ್ ಎಂಬುವರು ಪ್ರಯೋಗ ಮಾಡಿ ಒಂದು ವಿಚಿತ್ರ ಸಂಗತಿ ಹೇಳಿದರು. ಕಿರಿದಾದ, ಚೂಪಾದ ಉಬ್ಬಿನ ಮೇಲೆ ಜೋರಾಗಿ ಹೋದ ಕಾರಿಗೆ ಕುಲುಕಾಟ ಕಮ್ಮಿ, ಸಸ್ಪೆನ್ಷನ್ ನುಂಗಿಕೊಳ್ಳುತ್ತೆ. ಅಗಲವಾದ, ನಿಧಾನ ಏರುವ ಉಬ್ಬಿನಲ್ಲಿ ಮಾತ್ರ ವೇಗ ಹೆಚ್ಚಿದಷ್ಟೂ ಕುಲುಕು ಹೆಚ್ಚು.

ಭಾರತೀಯ ರಸ್ತೆ ಕಾಂಗ್ರೆಸ್‌ನ ಐಆರ್‌ಸಿ 99 ಮಾರ್ಗಸೂಚಿಯಲ್ಲಿ ಇರೋದೂ ಅದೇ ಅಳತೆ: 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 25 ಕಿ.ಮೀ. ವೇಗಕ್ಕೆ. ನಮ್ಮಲ್ಲಿ ಅಪಘಾತ ಆದ ಮರುದಿನ ರಾತ್ರಿ ಎರಡು ಬುಟ್ಟಿ ಜಲ್ಲಿ ಸುರಿದು ಮಾಡೋ ಹಂಪ್ ಒಂದೂವರೆ ಅಡಿ ಅಗಲ ಇದ್ರೆ ಹೆಚ್ಚು. ಕಾರಿನವನು ಹಾರಿಸ್ಕೊಂಡು ಹೋಗ್ತಾನೆ, ಹಿಂದೆ ಗರ್ಭಿಣಿ ಕೂತಿರೋ ಆಟೋ ಒದ್ದಾಡುತ್ತೆ. ಬಳಿ ಪಟ್ಟಿ ಇಲ್ಲದಿದ್ರೆ ರಾತ್ರಿ ಬೈಕಿನವರ ಪಾಡು ಹೇಳೋದೇ ಬೇಡ.

ಕಾಂಕ್ರೀಟ್ ಮತ್ತು ಕಂಬ

ಹೆದ್ದಾರಿ ಮಧ್ಯೆ ಕಾಣುವ, ಬುಡ ಅಗಲ, ತಲೆ ಕಿರಿದಾದ ಕಾಂಕ್ರೀಟ್ ಗೋಡೆ ಹುಟ್ಟಿದ್ದು 1950ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ. ಅದಕ್ಕೇ ಜೆರ್ಸಿ ಬ್ಯಾರಿಯರ್. ಓರೆಯಾಗಿ ಬಂದ ಗಾಡಿಯ ಚಕ್ರ ಬುಡದ ಇಳಿಜಾರು ಹತ್ತಿ ಮತ್ತೆ ತನ್ನ ಲೇನ್‌ಗೇ ವಾಪಸ್ ಬರಲಿ ಅನ್ನೋ ಲೆಕ್ಕ. ಎದುರಿಂದ ನೇರ ಗುದ್ದೋದನ್ನ ತಡೆಯೋಕೆ ಮಾಡಿದ್ದಲ್ಲ. ಒಂದಕ್ಕೊಂದು ಕೊಂಡಿ ಹಾಕದೆ ಬಿಡಿಬಿಡಿಯಾಗಿ ಇಟ್ಟರೆ ಭಾರಿ ಲಾರಿ ಅದನ್ನೂ ಸರಿಸಿಕೊಂಡು ಹೋಗುತ್ತೆ. ಕೆಂಪು-ಬಿಳಿ ಪ್ಲಾಸ್ಟಿಕ್ಕಿನದ್ದು ನೀರು ಅಥವಾ ಮರಳು ತುಂಬಿಸಿದರಷ್ಟೇ ಕೆಲಸಕ್ಕೆ ಬರುತ್ತೆ. ಖಾಲಿ ಇದ್ರೆ ಗಾಳಿಗೂ ಉರುಳುತ್ತೆ.

ನಿಜಕ್ಕೂ ತಡೆಯುವ ಸಾಧನಕ್ಕೆ ಪರೀಕ್ಷೆ ಬೇಕು ಅಂತ ಜಗತ್ತಿಗೆ ಅನ್ನಿಸಿದ್ದು ದೊಡ್ಡ ಸಾವಿನ ನಂತರ. 1983ರ ಅಕ್ಟೋಬರ್ 23ರಂದು ಬೈರೂತ್‌ನಲ್ಲಿ ಸ್ಫೋಟಕ ತುಂಬಿದ ಟ್ರಕ್ ಮುಳ್ಳುತಂತಿ ಹರಿದು, ಕಾವಲಿನವರನ್ನ ದಾಟಿ, ಅಮೆರಿಕದ ಸೈನಿಕರು ಮಲಗಿದ್ದ ಕಟ್ಟಡಕ್ಕೇ ನುಗ್ಗಿತು. 241 ಯೋಧರು ಸತ್ತರು. 1985ರಲ್ಲಿ ಅಲ್ಲಿನ ವಿದೇಶಾಂಗ ಇಲಾಖೆ ಒಂದು ಮಾನದಂಡ ತಂತು. ಸುಮಾರು 6,800 ಕಿಲೋ ಟ್ರಕ್ಕನ್ನು ಸಾಧನಕ್ಕೆ ನಿಜವಾಗಿ ಗುದ್ದಿಸಿ ನೋಡೋದು: 48 ಕಿ.ಮೀ. ವೇಗಕ್ಕೆ ತಡೆದರೆ ಕೆ4, 64ಕ್ಕೆ ಕೆ8, 80ಕ್ಕೆ ಕೆ12. ಈಗ ಐಎಸ್‌ಒ 22343 ಅನ್ನೋ ಅಂತಾರಾಷ್ಟ್ರೀಯ ಮಾನದಂಡವೂ ಇದೆ. ಬೊಲಾರ್ಡ್ ಮಾರೋರು 'ಕ್ರ್ಯಾಶ್ ಟೆಸ್ಟೆಡ್' ಅಂದ್ರೆ ಎಷ್ಟು ತೂಕಕ್ಕೆ, ಎಷ್ಟು ವೇಗಕ್ಕೆ ಅಂತ ಕೇಳಬೇಕು. ಉತ್ತರ ಬರದಿದ್ರೆ ಅದು ಬರೀ ಕಂಬ.

2016ರ ಜುಲೈ 14ರಂದು ಫ್ರಾನ್ಸ್‌ನ ನೀಸ್‌ನಲ್ಲಿ ಹಬ್ಬದ ಜನರ ಮೇಲೆ 19 ಟನ್ ಲಾರಿ ಹರಿದು 86 ಜನ ಸತ್ತರು. ಲಾರಿ ಅಡ್ಡ ನಿಂತಿದ್ದನ್ನ ಒಡೆಯಲಿಲ್ಲ, ಫುಟ್‌ಪಾತ್ ಹತ್ತಿ ಸುತ್ತಿ ಬಂತು.

ಅಮೆರಿಕದ ನ್ಯೂ ಓರ್ಲಿಯನ್ಸ್ ನಗರ ಇದರಿಂದ ಪಾಠ ಕಲಿತು, ಅಂಗಡಿ-ಬಾರುಗಳ ಬೀದಿಯಾದ ಬರ್ಬನ್ ಸ್ಟ್ರೀಟಿಗೆ ಹಳಿ ಮೇಲೆ ಜಾರಿಸಿ ಮುಚ್ಚುವ ಬೊಲಾರ್ಡ್ ಹಾಕಿಸಿತು. ಒಳ್ಳೆ ಸಾಮಾನೇ. ಆದರೆ ಆ ಬೀದಿಯಲ್ಲಿ ಹಬ್ಬಕ್ಕೆ ಜನ ಎಸೆಯುವ ಮಣಿಸರದ ಮಣಿಗಳು ಹಳಿಯೊಳಗೆ ಸಿಕ್ಕಿಕೊಂಡು, ಬರಬರುತ್ತಾ ಬೊಲಾರ್ಡ್ ಸರಿಯೋದೇ ಕಷ್ಟವಾಯ್ತು. ಬದಲಿಸುವ ಕೆಲಸ ಶುರುವಾಗಿತ್ತು, ಮುಗಿದಿರಲಿಲ್ಲ. 2025ರ ಜನವರಿ 1ರ ನಸುಕಿಗೆ ಒಂದು ಪಿಕಪ್, ಅಡ್ಡ ನಿಲ್ಲಿಸಿದ್ದ ಪೊಲೀಸ್ ಕಾರನ್ನ ಬಳಸಿ ಫುಟ್‌ಪಾತ್ ಮೇಲಿಂದ ನುಗ್ಗಿತು. 14 ಜನ ಸತ್ತರು. ಮಣಿಯ ಜಾಗಕ್ಕೆ ಗುಟ್ಕಾ ಪ್ಯಾಕೆಟ್, ಎಳನೀರು ಚಿಪ್ಪು ಇಟ್ಟು ನೋಡಿದ್ರೆ ನಮ್ಮ ಊರಿಗೂ ಅರ್ಥ ಆಗುತ್ತೆ. ಮೇಲಿಳಿಯುವ, ಸರಿಯುವ ಸಾಧನ ತರೋ ಪುರಸಭೆ, ಅದನ್ನ ತಿಂಗಳಿಗೊಮ್ಮೆ ಗುಡಿಸೋ ಆಳನ್ನೂ ಜತೆಗೇ ಗೊತ್ತು ಮಾಡ್ಬೇಕು.

ಅಂಗಡಿ ಮುಂದಿನ ಕಲ್ಲು

ಅಂಗಡಿಯವರದ್ದು ಬೇರೆ ಭಯ. ರಿವರ್ಸ್ ತೆಗೆಯೋವಾಗ ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತಿ ಷಟರ್‌ಗೇ ನುಗ್ಗುವ ಕಾರು. ಇದಕ್ಕೆ ಕೆ12 ಬೇಡ. ದಪ್ಪ ಉಕ್ಕಿನ ಪೈಪು, ಒಳಗೆ ಕಾಂಕ್ರೀಟ್ ತುಂಬಿ, ನೆಲದೊಳಗೆ ಆಳಕ್ಕೆ ಕಂಬಿ ಕಟ್ಟಿ ಕಾಂಕ್ರೀಟ್ ಹಾಕಿದ್ರೆ ನಿಧಾನದ ಕಾರು ತಡೆಯುತ್ತೆ. ಫ್ಲೋರಿಂಗ್ ಮೇಲೆ ನಾಲ್ಕು ಬೋಲ್ಟ್ ಹಾಕಿ ನಿಲ್ಲಿಸಿದ ಸ್ಟೀಲ್ ಕಂಬ ಹೊಳೆಯೋದಕ್ಕಷ್ಟೇ. ಎರಡು ಕಂಬದ ನಡುವಿನ ಖಾಲಿ ಜಾಗ 1.2 ಮೀಟರ್ ಮೀರಬಾರದು ಅನ್ನೋದು ಬ್ರಿಟನ್ನಿನ ಲೆಕ್ಕ. ಅಷ್ಟರಲ್ಲಿ ಕಾರು ತೂರಲ್ಲ, ಗಾಲಿಕುರ್ಚಿ ಹೋಗುತ್ತೆ.

ಕಂಬ ಹಾಕೋದು ಸ್ವಂತ ಜಾಗದೊಳಗೆ ಮಾತ್ರ. ಪಾರ್ಕಿಂಗ್ ಹಿಡಿಯೋಕೆ ರಸ್ತೆ ಮೇಲೆ ಕಲ್ಲು, ಹಳೇ ಟೈರು, ಸರಪಳಿ ಇಡೋದು ಎಲ್ಲ ಪೇಟೆಯಲ್ಲೂ ಇದೆ. ಸಾರ್ವಜನಿಕ ರಸ್ತೆಗೆ ಅಡ್ಡಿ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಂನಲ್ಲಿ 5,000 ರೂಪಾಯಿವರೆಗೆ ದಂಡ. ಹಳೇ ಐಪಿಸಿಯಲ್ಲಿ ಇದಕ್ಕೆ 200 ರೂಪಾಯಿ ಇತ್ತು, ಅದಕ್ಕೇ ಯಾರೂ ಹೆದರ್ತಿರಲಿಲ್ಲ.

ಇನ್ನು ಸಂತೆಬೀದಿ, ತೇರುಬೀದಿ ಮುಚ್ಚೋವಾಗ ಬೀಗ ಹಾಕೋ ಸರಪಳಿ ಅಥವಾ ಕಳಚೋ ಕಂಬ ಬಳಸಿದರೆ ಕೀಲಿ ಯಾರ ಹತ್ರ ಇದೆ ಅನ್ನೋದು ಅಗ್ನಿಶಾಮಕ ಠಾಣೆಗೂ, ಆಂಬುಲೆನ್ಸ್ ಚಾಲಕರಿಗೂ ಮೊದಲೇ ಗೊತ್ತಿರಬೇಕು. ಒಂದು ಕೀಲಿ ಬೀದಿಯ ಮೊದಲ ಅಂಗಡಿಯಲ್ಲಿ, ಇನ್ನೊಂದು ಕೊನೆಯ ಅಂಗಡಿಯಲ್ಲಿ ಇಟ್ಟು, ಎರಡೂ ಅಂಗಡಿಯ ಫೋನ್ ನಂಬರನ್ನ ಕಂಬದ ಮೇಲೇ ಪೇಂಟಲ್ಲಿ ಬರೆಸಿದರೆ ಸಾಕು.