ನದಿದಂಡೆಯ ವಸತಿ (ಹಾವೇರಿ ಸೀಮೆ)

ಕಡಲಿಲ್ಲದ ಹಾವೇರಿ ಜಿಲ್ಲೆಯಲ್ಲಿ ನೀರಿನ ದಂಡೆಯ ವಸತಿ ಎಂದರೆ ತುಂಗಭದ್ರಾ, ವರದಾ ನದಿಗಳ ಬದಿಯ ಹಳ್ಳಿಗಳ ಬದುಕು. ದೋಣಿಕಟ್ಟೆಗೆ ಮುಖಮಾಡಿದ ಸಿರಿವಂತ ಮನೆಗಳ ಸಾಲು ಇಲ್ಲಿ ಬೆಳೆಯಲಿಲ್ಲ. ಈ ದಂಡೆಯ ವೈಭವವೆಲ್ಲ ದೇವರ ಪಾಲಾಯಿತೆನ್ನಬೇಕು: ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದಲ್ಲಿ ಕಲ್ಯಾಣ ಚಾಲುಕ್ಯ ಶೈಲಿಯ ಮುಕ್ತೇಶ್ವರ ದೇವಾಲಯವು ತುಂಗಭದ್ರೆಯ ದಡದಲ್ಲೇ ನಿಂತಿದ್ದರೆ, ಹಾವೇರಿ ತಾಲ್ಲೂಕಿನ ಗಳಗನಾಥದಲ್ಲಿ, ವರದೆಯು ತುಂಗಭದ್ರೆಯನ್ನು ಕೂಡುವ ಸಂಗಮದ ಬಳಿ, ಇಳಿಜಾರಾದ ವಿಶಾಲ ತಳಪಾಯದ ಗಳಗೇಶ್ವರ ಗುಡಿಯಿದೆ. ಚೌಡದಾನಪುರವು ಹೊತ್ತಿರುವ ಹೆಸರು 12ನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನದು. ಜನರನ್ನು ಹೊಳೆ ದಾಟಿಸುವುದು ಅವನ ಕಾಯಕವಾಗಿತ್ತು. ಸೇತುವೆಗಳು ಬರುವ ಮುನ್ನ ಈ ಹೊಳೆಗಳಲ್ಲಿ ಹರಿಗೋಲು, ಅಂದರೆ ಬಿದಿರು ಹೆಣೆದು ಹೊರಮೈಗೆ ತೊಗಲು ಹೊದಿಸಿದ ದುಂಡನೆಯ ದೋಣಿ, ಬಳಕೆಯಲ್ಲಿತ್ತು.