ಕುಣಿ, ಕಂಬ, ಸರಪಳಿ

ಗಾಲ್ಫ್ ಅಂದ್ರ ನಮ್ಮ ಬೆಳಗಾವಿ ಮಂದಿಗೆ ಮೊದಲು ನೆನಪಾಗೋದು ಚಿರತೆ. 2022ರ ಆಗಸ್ಟಿನಲ್ಲಿ ಜಾಧವ ನಗರದಲ್ಲಿ ಕಾಣಿಸಿಕೊಂಡಿದ್ದು ಗಾಲ್ಫ್ ಮೈದಾನದ ಪೊದೆ ಸೇರಿತು. ಸಕ್ರೆಬೈಲಿನಿಂದ ಆನೆ ತರಿಸಿದರೂ ಸಿಗಲಿಲ್ಲ. ಸುತ್ತಲಿನ 22 ಶಾಲೆಗಳಿಗೆ ರಜೆ. ಅದಕ್ಕೂ ಮೊದಲು ಆ ಬೇಲಿಯಾಚೆ ಏನಿದೆ ಅಂತ ನಮ್ಮಲ್ಲಿ ಎಷ್ಟು ಜನ ಇಣುಕಿದ್ದರು ಹೇಳ್ರಿ?

ಈ ಆಟ ನಮ್ಮ ನೆಲಕ್ಕೆ ಬಂದಿದ್ದೇ ಬೇಲಿ ಸಮೇತ. 1829ರಲ್ಲಿ ಕಲ್ಕತ್ತಾ, 1876ರಲ್ಲಿ ಬೆಂಗಳೂರು. ಬ್ರಿಟಿಷರು ಬೀಡುಬಿಟ್ಟಲ್ಲೆಲ್ಲ ಕ್ಲಬ್ಬು. ಹುಲ್ಲು ನಿಲ್ಲದ ಒಣ ಊರುಗಳಲ್ಲಿ ಮರಳಿಗೆ ಎಣ್ಣೆ ಕಲಸಿ ಕುಣಿಯ ಸುತ್ತ ಹಾಸುತ್ತಿದ್ದರು. ಅದಕ್ಕೆ 'ಗ್ರೀನ್' ಬದಲು 'ಬ್ರೌನ್' ಅಂತಲೇ ಹೆಸರು. 18 ಕುಣಿ ಅನ್ನೋದೂ ದೇವರು ಕೊಟ್ಟ ಲೆಕ್ಕವಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ 1764ರವರೆಗೆ ಒಂದು ಸುತ್ತಿಗೆ 22 ಇದ್ದವು. 1860ರ ಮೊದಲ ಓಪನ್ ನಡೆದ ಪ್ರೆಸ್ಟ್‌ವಿಕ್‌ನಲ್ಲಿ 12. ನೆಲ ಹೆಂಗಿತ್ತೋ ಆಟ ಹಂಗ. ನೆಲವನ್ನೇ ಕಡಿದು, ಸಮ ಮಾಡಿ, ನೀರು ಸುರಿಯೋ ಚಟ ಆಮೇಲಿನದು.

ಆ ಹಳೆಯ ಗುಣ ಉಳಿದಿರೋದು ಡಿಸ್ಕ್ ಗಾಲ್ಫಿನಲ್ಲಿ. ಚೆಂಡಿನ ಬದಲು ತಟ್ಟೆ, ಕುಣಿಯ ಬದಲು ಬುಟ್ಟಿ. 1926ರಲ್ಲೇ ಕೆನಡಾದ ಬ್ಲಾಡ್‌ವರ್ತ್ ಎಂಬ ಊರಿನ ಶಾಲಾ ಹುಡುಗರು ಡಬ್ಬಿ ಮುಚ್ಚಳ ಎಸೆದು ಇದನ್ನು ಆಡುತ್ತಿದ್ದರು. ನಾವು ಊರಲ್ಲಿ ಗೋಲಿಗೆ ಕುಣಿ ತೋಡಿದಷ್ಟೇ ಸಹಜವಾಗಿ. ಆದರೆ ಆಟಕ್ಕೆ ವಿಳಾಸ ಕೊಟ್ಟವನು ಫ್ರಿಸ್ಬಿ ತಯಾರಿಸುವ ವ್ಯಾಮ್-ಓ ಕಂಪನಿಯಲ್ಲಿದ್ದ ಎಡ್ ಹೆಡ್ರಿಕ್. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ, ಮರಗಳ ನಡುವೆಯೇ, ಮೊದಲ ಕಾಯಂ ಕೋರ್ಸ್ ಮಾಡಿದ. ಶುರುವಿಗೆ ಗುರಿ ಅಂದ್ರ ಬರೀ ಕಂಬ. ತಟ್ಟೆ ತಾಗಿತೋ ಇಲ್ಲವೋ ಅಂತ ಜಗಳ. ಗೋಲಿ ಆಡಿದವರಿಗೆ ಈ ಜಗಳ ಬಿಡಿಸಿ ಹೇಳಬೇಕಿಲ್ಲ! ಅದಕ್ಕೇ ಹೆಡ್ರಿಕ್ ಕಂಬಕ್ಕೆ ಸರಪಳಿ ಇಳಿಬಿಟ್ಟು, ಕೆಳಗೆ ಬುಟ್ಟಿ ಕಟ್ಟಿದ. 1977ರಲ್ಲಿ ಪೇಟೆಂಟೂ ಸಿಕ್ಕಿತು. ಝಲ್ ಅಂದ್ರ ಬಿತ್ತು ಅಂತ, ವಾದವಿಲ್ಲ. (2002ರಲ್ಲಿ ಅವನು ತೀರಿಕೊಂಡಾಗ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಡಿಸ್ಕ್ ಮಾಡಿದರು.)

ಸರಪಳಿ ಬಂದ ಮೇಲೆ ಪಟ್ಟಿಂಗ್ ಒಂದು ವಿದ್ಯೆಯಾಯಿತು. ಬುಟ್ಟಿಯಿಂದ 10 ಮೀಟರ್ ಒಳಗಿದ್ದರೆ ಎಸೆದ ಮೇಲೆ ಜೋಲಿ ತಪ್ಪದೆ ನಿಂತು ತೋರಿಸಬೇಕು. ಮುಗ್ಗರಿಸಿ ಮುಂದೆ ಕಾಲಿಟ್ಟರೆ ತಪ್ಪು. ಇದನ್ನು ಕಲಿಯೋಕೆ ಕ್ಲಬ್ಬಿನ ಮೆಂಬರ್‌ಶಿಪ್ ಬೇಡ. ಅನಗೋಳದ ಟೆರೇಸ್ ಮೇಲೆ ನೀರಿನ ಟ್ಯಾಂಕಿನ ಪಕ್ಕ ಒಂದು ಬುಟ್ಟಿ ಸಾಕು. ನಾನು ಮೂರು ಹೆಜ್ಜೆಯಿಂದ ಶುರು ಮಾಡಿ, ಹತ್ತರಲ್ಲಿ ಎಂಟು ಬಿದ್ದರಷ್ಟೇ ಒಂದು ಹೆಜ್ಜೆ ಹಿಂದೆ ಸರೀತೀನಿ. ಆದರೆ ಟೆರೇಸು ಒಂದೇ ಟೆಸ್ಟ್ ಕೇಸ್. ಇಳಿಜಾರು, ಎದುರುಗಾಳಿ, ಅಡ್ಡ ಬರೋ ಕೊಂಬೆ ಅಲ್ಲಿ ಎಲ್ಲಿ ಸಿಗಬೇಕು?

ಅವೆಲ್ಲ ಇರೋದು ಪಕ್ಕದ ಟಿಳಕವಾಡಿಯ ವ್ಯಾಕ್ಸಿನ್ ಡಿಪೋದಲ್ಲಿ. ಒಂದು ಕಾಲಕ್ಕೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗ. 1980ರಲ್ಲಿ ಸಿಡುಬು ಜಗತ್ತಿನಿಂದಲೇ ಹೋಯಿತೆಂದು ಘೋಷಣೆಯಾಯಿತು, ಮರಗಳು ಉಳಿದವು. ಸ್ಮಾರ್ಟ್ ಸಿಟಿ ಕಾಮಗಾರಿ ಅಲ್ಲಿಗೂ ಬಂದಾಗ ಊರವರು ವಿರೋಧಿಸಿದರು. ಒಂಬತ್ತು ಬುಟ್ಟಿಗಳ ಕೋರ್ಸಿಗೆ ಅಲ್ಲಿ ಒಂದು ಗಿಡವನ್ನೂ ಕಡಿಯಬೇಕಿಲ್ಲ, ಗೇಟು ಹಾಕಬೇಕಿಲ್ಲ. ಬೆಳಿಗ್ಗೆ ವಾಕಿಂಗ್ ಬರೋ ಅಜ್ಜಂದಿರ ತಲೆ ತಪ್ಪಿಸಿ ಎಲ್ಲೆಲ್ಲಿ ಬುಟ್ಟಿ ನೆಡಬಹುದು ಅಂತ ನಕ್ಷೆ ಬರೀತಾ ಇದ್ದೀನಿ.